ಸದ್ದು ಬಂದ ಕಡೆ ವಿಮಾನ ಇಲ್ಲ!

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ ಮಕ್ಕಳು ಕಾಯುವುದು ಸೂರ್ಯಕಿರಣ ತಂಡಕ್ಕೆ. ಕೆಂಪು-ಬಿಳಿ ಬಣ್ಣದ ಒಂಬತ್ತು ಹಾಕ್ ಜೆಟ್‌ಗಳು ಒಟ್ಟಾಗಿ ಬರುತ್ತವೆ. 1996ರಲ್ಲಿ ಶುರುವಾದ ವಾಯುಪಡೆಯ ಈ ತಂಡದ ನೆಲೆ ನಮ್ಮ ಬೀದರ್.

‘ಅಗೋ, ಸದ್ದು!’ ಎಂದು ತಿರುಗಿ ನೋಡಿದರೆ ಅಲ್ಲಿ ಬರೀ ಆಕಾಶ. ವಿಮಾನ ಆಗಲೇ ಮುಂದೆ ಹೋಗಿದೆ. ಯಾಕೆ ಹೀಗೆ? ವಿಮಾನದಿಂದ ಹೊರಟ ಬೆಳಕು ಕಣ್ಣು ರೆಪ್ಪೆ ಬಡಿಯುವುದರೊಳಗೆ ನಮ್ಮನ್ನು ತಲುಪುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡಬಲ್ಲದು. 2 ಕಿ.ಮೀ. ದೂರದ ಸದ್ದು ನಿಮ್ಮ ಕಿವಿಗೆ ಬೀಳಲು ಸುಮಾರು 6 ಸೆಕೆಂಡು ಬೇಕು. ಗಂಟೆಗೆ 540 ಕಿ.ಮೀ. ವೇಗದಲ್ಲಿರುವ ಜೆಟ್ ಅಷ್ಟರಲ್ಲಿ 900 ಮೀಟರ್ ದಾಟಿರುತ್ತದೆ! ಅಂದರೆ ನೀವು ಕೇಳುತ್ತಿರುವುದು ವಿಮಾನ ಬಿಟ್ಟುಹೋದ ಜಾಗದ ಸದ್ದು. ಮುಂದಿನ ಸಲ ಸದ್ದಿನ ದಿಕ್ಕಿಗಿಂತ ಸ್ವಲ್ಪ ಮುಂದಕ್ಕೆ ಕಣ್ಣು ಹಾಯಿಸಿ, ಸಿಕ್ಕೇ ಸಿಗುತ್ತದೆ.

ಬಾಲದ ಹಿಂದೆ ಎಳೆಯುವ ಆ ಬಿಳಿ ಹೊಗೆ? ನಿಜ ಹೇಳಬೇಕೆಂದರೆ ಅದು ಸುಟ್ಟ ಹೊಗೆಯೇ ಅಲ್ಲ. ಇಂಜಿನ್ನಿನಿಂದ ನುಗ್ಗಿ ಬರುವ ಬಿಸಿ ಗಾಳಿಗೆ ಪೈಲಟ್ ಡೀಸೆಲ್ ಬಿಡುತ್ತಾರೆ. ಅದು ತಕ್ಷಣ ಆವಿಯಾಗುತ್ತದೆ. ಹೊರಗಿನ ತಂಪು ತಗುಲಿದೊಡನೆ ಕೋಟಿಗಟ್ಟಲೆ ಸಣ್ಣ ಹನಿಗಳಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬೆಳ್ಳಗೆ ಏಳುವುದೂ ಹೀಗೇ ಆದ ನೀರಿನ ಹನಿಗಳು. ಡೀಸೆಲ್‌ಗೆ ಬಣ್ಣ ಬೆರೆಸಿದರೆ ಆಕಾಶದಲ್ಲಿ ಕೇಸರಿ, ಹಸಿರು ಗೆರೆಗಳು.

ವಿಮಾನಗಳ ನಡುವಿನ ಅಂತರ ಕೆಲವೊಮ್ಮೆ 5 ಮೀಟರ್‌ಗಿಂತಲೂ ಕಡಿಮೆ. ಢಿಕ್ಕಿ ಆಗುವುದಿಲ್ಲವೆ? ಹಿಂದಿನ ಪೈಲಟ್ ನೆಲ ನೋಡುತ್ತಾ ಕೂರುವುದಿಲ್ಲ. ಪಕ್ಕದ ವಿಮಾನದ ಮೇಲಿನ ಎರಡು ಗುರುತುಗಳು ಒಂದೇ ನೇರಕ್ಕೆ ಕಾಣುವಂತೆ ತಮ್ಮ ಜಾಗ ಹಿಡಿದಿರುತ್ತಾರೆ. ಗುರುತು ಕೂದಲೆಳೆಯಷ್ಟು ಸರಿದರೂ ಕೈ ತಿದ್ದಬೇಕು. ನನಗೆ ಇಡೀ ಪ್ರದರ್ಶನದಲ್ಲಿ ಅತಿ ಕಷ್ಟದ್ದು ಅನ್ನಿಸುವುದು ಇದೇ.

ಅದೂ ಎಂಥ ಸ್ಥಿತಿಯಲ್ಲಿ! ವಿಮಾನ ರಭಸದಿಂದ ತಿರುಗುವಾಗ ಮೈಭಾರ ಐದು ಪಟ್ಟು ಆದಂತೆ ಅನ್ನಿಸಬಹುದು. 70 ಕಿಲೋ ಇರುವವರಿಗೆ 350 ಕಿಲೋ. ರಕ್ತ ತಲೆಯಿಂದ ಕಾಲಿನ ಕಡೆಗೆ ಇಳಿಯತೊಡಗುತ್ತದೆ, ಕಣ್ಣು ಮಂಜಾಗುತ್ತದೆ. ಅದನ್ನು ತಡೆಯಲೆಂದೇ ‘ಜಿ-ಸೂಟ್’ ಎಂಬ ಉಡುಪಿದೆ. ತಿರುವಿನಲ್ಲಿ ಅದು ಗಾಳಿ ತುಂಬಿಕೊಂಡು ಕಾಲು, ಹೊಟ್ಟೆಯನ್ನು ಬಿಗಿಯಾಗಿ ಅಮುಕುತ್ತದೆ. ಪೈಲಟ್ಟೂ ಕಾಲಿನ ಸ್ನಾಯು ಬಿಗಿಹಿಡಿದು, ತಡೆತಡೆದು ಉಸಿರಾಡುತ್ತಾ ರಕ್ತ ತಲೆಯಲ್ಲೇ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಆಗಲೂ ಕಣ್ಣು ಮಾತ್ರ ಆ ಎರಡು ಗುರುತುಗಳನ್ನು ಬಿಡುವಂತಿಲ್ಲ.