ಕೆಡವಿದ ಮನೆಯ ಕಲ್ಲು, ಹಿತ್ತಲಿನ ಬೆಂಕಿ ಕಟ್ಟೆ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಗೆಳೆಯರಿಗೆ ಇವತ್ತು ಹಿತ್ತಲಿನ ಮಾತು.

ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು ಒಂದೊಂದಾಗಿ ಬೀಳ್ತಿವೆ, ಆರ್‌ಸಿಸಿ ಏಳ್ತಿದೆ. ಕೆಡವಿದ ಕಲ್ಲು, ತೊಲೆ, ಬಾಗಿಲು ಟ್ರ್ಯಾಕ್ಟರ್ ಹತ್ತಿ ಹೋಗ್ತವೆ. ಅದರಲ್ಲಿ ಒಂದು ಟ್ರಿಪ್ ಉಳಿಸ್ಕೊಂಡ್ರೆ ಹಿತ್ತಲಲ್ಲಿ ಎಂಟು ಜನ ಕೂರೋ ಬೆಂಕಿ ಕಟ್ಟೆ ಆಗುತ್ತೆ. ಹೊಸದೇನಲ್ಲ ಇದು. ಹೊಲದಲ್ಲಿ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಎಳೇ ಜೋಳದ ತೆನೆ ಸುಟ್ಟು, ಬಿಸಿಬಿಸಿ ಸೀತನಿಯನ್ನ ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿಂದವರು ನಾವು. ರೆಸಾರ್ಟಿನವರು ಅದಕ್ಕೆ ಫೈರ್ ಪಿಟ್ ಅಂತ ಹೆಸರಿಟ್ಟು ಬಿಲ್ ಹಾಕ್ತಾರೆ, ಅಷ್ಟೇ.

ಆದ್ರೆ ಸಿಕ್ಕ ಕಲ್ಲನ್ನೆಲ್ಲ ಬೆಂಕಿ ಸುತ್ತ ಜೋಡಿಸ್ಬೇಡಿ. ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನಮ್ಮ ಗ್ರಾನೈಟ್ ಬಿಸಿಗೆ ಸೀಳುತ್ತೆ. ಹಿಂದೆ ಕಲ್ಲು ಒಡೆಯೋರು ಬಂಡೆ ಮೇಲೆ ಕಟ್ಟಿಗೆ ಉರಿಸಿ ಚಪ್ಪಡಿ ಎಬ್ಬಿಸ್ತಿದ್ದದ್ದೇ ಈ ಗುಣ ನಂಬಿ. ತುಂಗಭದ್ರೆ ದಂಡೆಯ ನುಣುಪು ಗುಂಡಂತೂ ಇನ್ನೂ ಅಪಾಯ. ಒಳಗೆ ಕೂತ ನೀರು ಆವಿಯಾದ್ರೆ ಕಲ್ಲು ಸಿಡಿದು ಚೂರು ಕಣ್ಣಿಗೇ ಬರುತ್ತೆ. ಪರಸಿ ಕಲ್ಲು, ಕಾಂಕ್ರೀಟ್ ತುಂಡನ್ನೂ ನಂಬಬೇಡಿ. ಬೆಂಕಿ ತಾಗೋ ಜಾಗಕ್ಕೆ ಚೆನ್ನಾಗಿ ಸುಟ್ಟ, ಒಣಗಿದ ಹಳೇ ಕೆಂಪು ಇಟ್ಟಂಗಿ ಇಡಿ. ಮಣ್ಣಲ್ಲೇ ಕೂರಿಸಿ, ಸಿಮೆಂಟ್ ಬೇಡ.

ಕುಣಿ 3 ಅಡಿ ಅಗಲ, 1 ಅಡಿ ಆಳ ಸಾಕು. ತಳಕ್ಕೆ ಒಣ ಉಸುಕು. ಹಳೇ ಬಂಡಿ ಗಾಲಿಯ ಕಬ್ಬಿಣದ ಪಟ್ಟಿ ಸಿಕ್ರೆ ಇಟ್ಟಂಗಿ ಸುತ್ತ ಹಾಕಿ, ಅಲುಗಾಡಲ್ಲ.

ಕಲ್ಲಿಗೆ ಕೆಲಸ ಇರೋದು ಕೂರೋ ಕಟ್ಟೇಲಿ. ಬೆಂಕಿಯಿಂದ 4 ಅಡಿ ದೂರ, ಒಂದೂವರೆ ಅಡಿ ಎತ್ತರ, ಮೇಲೆ ಹಳೇ ಮೆಟ್ಟಿಲಿನ ಚಪ್ಪಡಿ. ಅಜ್ಜಿಗೆ ಬೆನ್ನು ಆನಿಸೋಕೆ ಒಂದು ಕಡೆ ಬಾಗಿಲ ಹಲಗೆ ನಿಲ್ಲಿಸಿ. ಆ ಬಾಗಿಲು ಆಕಿ ಗುರುತು ಹಿಡೀತಾಳೆ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬರುತ್ತೆ, ಹಂಗಾಗಿ ಪಡುವಣ ತೆರೆದಿರಲಿ, ಹೊಗೆ ಆ ಕಡೆ ಹೋಗ್ಲಿ. ಆ ಕಡೇನೇ ಮೇವಿನ ಬಣವಿ ಇದ್ರೆ? ಈ ಪ್ಲಾನ್ ಬಿಟ್ಬಿಡಿ, ತಮಾಷೆ ಅಲ್ಲ. ಬಣ್ಣ ಬಳಿದ ಕಿಟಕಿ, ಪ್ಲೈವುಡ್ ಉರಿಸ್ಬೇಡಿ, ಆ ಹೊಗೆ ವಿಷ. ಏಳೋ ಮುಂಚೆ ಬೂದಿ ಕೆದಕಿ ನೀರು ಚಿಮುಕಿಸಿ, ಮತ್ತೆ ಕೆದಕಿ.

ಸೀತನಿ ಸಿಗೋದು ಹಿಂಗಾರಿ ಜೋಳ ಹಾಲುಗಾಳಾಗೋ ಕೆಲವೇ ವಾರ. ಕುಣಿ ಈಗಲೇ ತೋಡಿ ಇಟ್ಕೊಳ್ರಿ.