ಗಾಳಕ್ಕಿಂತ ಮೊದಲು ಬೂಟು ನೋಡಿ: ನ್ಯೂಜಿಲೆಂಡ್‌ನಲ್ಲಿ ಗೈಡ್ ಜೊತೆ ಮೀನು ಬೇಟೆ

ಗೈಡ್ ಜೊತೆ ಹೋಗಿ ಗಾಳ ಹಾಕೋ ವಿದೇಶ ಪ್ರವಾಸವನ್ನ ಪ್ಲಾನ್ ಮಾಡೋದು ಹೇಗೆ ಅನ್ನೋದು ಇವತ್ತಿನ ವಿಷಯ. ಉದಾಹರಣೆಗೆ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪ ತಗೊಳ್ಳೋಣ. ಅಲ್ಲಿ ಜನ ಹುಡುಕಿಕೊಂಡು ಹೋಗೋದು ಬ್ರೌನ್ ಟ್ರೌಟ್ ಮೀನನ್ನ.

ಮೊದಲು ತಾರೀಖು. ಅಲ್ಲಿನ ಹೆಚ್ಚಿನ ನದಿಗಳಲ್ಲಿ ಸೀಸನ್ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ. ನಮಗೆ ಡಿಸೆಂಬರ್ ಕೊನೇ ವಾರ ರಜೆ ಸುಲಭವಾಗಿ ಸಿಗುತ್ತೆ, ನಿಜ. ಆದರೆ ಅಲ್ಲಿನವರಿಗೂ ಅದೇ ಬೇಸಿಗೆ ರಜೆ. ರೂಮು ದುಬಾರಿ, ಗೈಡ್ ಸಿಗೋದೂ ಕಷ್ಟ. ಫೆಬ್ರುವರಿ, ಮಾರ್ಚ್‌ನಲ್ಲಿ ಲೀವ್ ಸಿಕ್ಕರೆ ಅನುಕೂಲ. ಮೊದಲು ಗೈಡ್ ಹತ್ರ ತಾರೀಖು ಕೇಳಿ, ಆಮೇಲೆ ಮ್ಯಾನೇಜರ್ ಹತ್ರ ಲೀವ್ ಕೇಳಿ. ವೀಸಾ ಕೈಗೆ ಬಂದ ಮೇಲೆ ಟಿಕೆಟ್.

ಗೈಡ್ ಏನು ಮಾಡ್ತಾರೆ? ಆ ನದಿಗಳ ನೀರು ಗಾಜಿನಷ್ಟು ತಿಳಿ. ಗೈಡ್ ದಡದಲ್ಲಿ ಮೇಲ್ಮುಖವಾಗಿ ನಡೀತಾ ಮೀನನ್ನ ಕಣ್ಣಲ್ಲೇ ಹುಡುಕ್ತಾರೆ. ಕಂಡ ಮೇಲೇ ನೀವು ಗಾಳ ಬೀಸೋದು. ನಿಮ್ಮ ನೆರಳು ನೀರಿನ ಮೇಲೆ ಬಿದ್ದರೂ ಮೀನು ಮಾಯ. ಹಾಗಾಗಿ ಇಡೀ ದಿನಕ್ಕೆ ನಾಲ್ಕೈದು ಮೀನು ಸಿಕ್ಕರೆ ಅದು ಒಳ್ಳೇ ದಿನ. ‘ಎಷ್ಟು ಮೀನು ಗ್ಯಾರಂಟಿ?’ ಅಂತ ಕೇಳಬೇಡಿ. ಕೇಳಬೇಕಾದ್ದು ಇದು: ದಿನಕ್ಕೆ ಎಷ್ಟು ಕಿಲೋಮೀಟರ್ ನಡಿಗೆ? ಗಾಡಿ, ಊಟ, ಗಾಳದ ಕೋಲು, ಬೂಟು ಶುಲ್ಕದಲ್ಲಿ ಸೇರಿದೆಯಾ? ಮಳೆ ಬಂದು ನದಿ ಕೆಂಪಾದರೆ ಬೇರೆ ನದಿಗೆ ಕರ್ಕೊಂಡು ಹೋಗ್ತೀರಾ, ಮುಂಗಡ ವಾಪಸ್ಸಾ? ಇಡೀ ಪ್ರವಾಸಕ್ಕೆ ಒಂದೇ ದಿನ ಗೈಡ್ ಗೊತ್ತು ಮಾಡಿಕೊಂಡರೆ ಒಂದು ಮಳೆಗೆ ಎಲ್ಲಾ ಹೋಯ್ತು. ಎರಡು ಮೂರು ದಿನ ಇಟ್ಟುಕೊಳ್ಳಿ.

ಲೈಸೆನ್ಸ್ ಬೇಕೇ ಬೇಕು. ಫಿಶ್ ಅಂಡ್ ಗೇಮ್ ಸಂಸ್ಥೆ ಕೊಡುತ್ತೆ, ಆನ್‌ಲೈನಲ್ಲೇ ತಗೋಬಹುದು. ಹೊರದೇಶದವರಿಗೆ ಕೆಲವು ಹೆಸರಾಂತ ನದಿಗಳಿಗೆ ಪ್ರತ್ಯೇಕ ಲೈಸೆನ್ಸ್ ಇದೆ, ಗೈಡ್ ಹತ್ರ ಕೇಳಿಕೊಳ್ಳಿ. ಇನ್ನೊಂದು ವಿಷಯ: ಆ ದೇಶದಲ್ಲಿ ಟ್ರೌಟ್ ಮಾರೋ ಹಾಗಿಲ್ಲ. ಹೋಟೆಲ್ ಮೆನುವಿನಲ್ಲಿ ಹುಡುಕಬೇಡಿ.

ಈಗ ಬೂಟಿನ ವಿಷಯ. 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಡಿಡಿಮೊ ಅನ್ನೋ ಪಾಚಿ ಕಾಣಿಸಿಕೊಳ್ತು. ಕಲ್ಲುಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಬೆಳೆಯುತ್ತೆ. ಒಂದು ಹನಿ ನೀರಲ್ಲೂ ಇನ್ನೊಂದು ನದಿಗೆ ದಾಟಬಹುದು. ತೇವ ಹಿಡಿದಿಡೋ ಫೆಲ್ಟ್ ಅಡಿಯ ಬೂಟನ್ನ ಅದಕ್ಕೇ 2008ರಲ್ಲಿ ನಿಷೇಧಿಸಿದರು. ಬಳಸಿದ ಬೂಟು, ಕೋಲು, ಬಲೆ ಒಯ್ದರೆ ತೊಳೆದು ಪೂರ್ತಿ ಒಣಗಿಸಿ, ಏರ್‌ಪೋರ್ಟ್‌ನಲ್ಲಿ ಡಿಕ್ಲೇರ್ ಮಾಡಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ಡಾಲರ್ ದಂಡ. ಅಲ್ಲೇ ಬಾಡಿಗೆಗೆ ತಗೊಳ್ಳೋದು ಮೇಲು.

‘ಇಷ್ಟೊಂದು ಯಾಕಪ್ಪಾ?’ ಅನ್ನಿಸುತ್ತೆ. ಉತ್ತರ ನಮ್ಮ ಕಾವೇರಿಯಲ್ಲೇ ಇದೆ. ಬೆನ್ನು ಉಬ್ಬಿದ ಮಹಶೀರ್, ತೀರದವರು ಬಿಳಿಮೀನು ಅಂತ ಕರೆಯೋ ಜಾತಿ, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದನ್ನ ಹಿಡಿಯೋಕೆ ಒಂದು ಕಾಲಕ್ಕೆ ಭೀಮೇಶ್ವರಿಗೆ ಹೊರದೇಶದವರು ಬರ್ತಿದ್ದರು. 2018ರಲ್ಲಿ ಅದು ಯಾವ ಪ್ರಭೇದ ಅಂತ ಖಚಿತವಾಯ್ತು. ಅದೇ ವರ್ಷ ‘ಅತೀವ ಅಪಾಯದಲ್ಲಿರುವ’ ಪಟ್ಟಿಗೂ ಸೇರಿತು. ಒಂದು ಮುಖ್ಯ ಕಾರಣ, ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರನ್ನ ಕಾವೇರಿಗೆ ಬಿಟ್ಟಿದ್ದು. ಪುಣೆಯವರು ವೀಕೆಂಡ್‌ಗೆ ಹೋಗ್ತೀರಲ್ಲ, ಅದೇ ಲೋಣಾವಳ. ಬಿಟ್ಟವರ ಉದ್ದೇಶ ಮೀನು ಹೆಚ್ಚಲಿ ಅಂತಲೇ ಇತ್ತು. ಹೊಸದು ಹೆಚ್ಚಿತು, ಹಳೇದು ಕರಗಿತು.

ನ್ಯೂಜಿಲೆಂಡ್‌ನ ಟ್ರೌಟ್ ಕೂಡ ಅಲ್ಲಿಯದಲ್ಲ. 1867ರಲ್ಲಿ ಟಾಸ್ಮೇನಿಯಾದಿಂದ ಮೊಟ್ಟೆ ತರಿಸಿದ್ದು. ಅಲ್ಲಿನ ಸಣ್ಣ ಸ್ಥಳೀಯ ಮೀನುಗಳು ಇಂದಿಗೂ ಅದರ ಬೆಲೆ ಕೊಡ್ತಿವೆ. ಒಂದು ನೀರಿನದನ್ನ ಇನ್ನೊಂದು ನೀರಿಗೆ ಬಿಟ್ಟರೆ ವಾಪಸ್ ತೆಗೆಯೋಕಾಗಲ್ಲ. ಅದಕ್ಕೇ ಗೈಡ್‌ಗೆ ಬರೆಯೋ ಮೊದಲ ಮೇಲ್‌ನಲ್ಲೇ ಕೇಳಿ: ‘ಒಂದು ನದಿಯಿಂದ ಇನ್ನೊಂದಕ್ಕೆ ಹೋಗೋವಾಗ ಸಾಮಾನು ಹೇಗೆ ತೊಳೀತೀರಿ?’ ಇದಕ್ಕೆ ನೆಟ್ಟಗೆ ಉತ್ತರ ಕೊಡೋ ಗೈಡ್‌ಗೇ ಮುಂಗಡ ಕಳಿಸಿ.