ಚಂದ್ರನ ಕಲ್ಲು ಮತ್ತು ಶಾಲೆಯ ಗಂಟೆ



ನಮ್ಮ ಶಾಲೆಯ ಗಂಟೆ ಎಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ಹೊಡೆದರೆ ಕೆರೆ ಏರಿಯವರೆಗೂ ಕೇಳುತ್ತಿತ್ತು; ಕೈಯಲ್ಲಿ ಹಿಡಿದರೆ ಸುಮ್ಮನಾಗುತ್ತಿತ್ತು. ಅದನ್ನು ನೆನಪಿಟ್ಟುಕೊಂಡು ಈ ಕಥೆ ಕೇಳಿ.

1969ರ ನವೆಂಬರಿನಲ್ಲಿ ಅಪೊಲೊ 12ರ ಯಾತ್ರಿಗಳು ಚಂದ್ರನ ಮೇಲೆ ಕಂಪನ ಅಳೆಯುವ ಯಂತ್ರ ಇಟ್ಟರು. ಆಮೇಲೆ, ಕೆಲಸ ಮುಗಿದ ನೌಕೆಯ ಮೇಲ್ಭಾಗವನ್ನು ಬೇಕೆಂದೇ ಅಲ್ಲಿನ ನೆಲಕ್ಕೆ ಬೀಳಿಸಲಾಯಿತು. ಭೂಮಿಯಲ್ಲಾದರೆ ಅಂಥ ಅದುರು ಕೆಲವೇ ನಿಮಿಷಗಳಲ್ಲಿ ಅಡಗುತ್ತದೆ. ಅಲ್ಲಿ ಸುಮಾರು 55 ನಿಮಿಷ ಉಳಿಯಿತು! ಬಿರುಕು ಬಿಟ್ಟ ನೆಲದಲ್ಲಿ ಅಲೆಗಳು ಅತ್ತಿತ್ತ ಚದುರುತ್ತಲೇ ಇದ್ದವು. ಕಲ್ಲು ಅವನ್ನು ಹೀರಿಕೊಳ್ಳಲೇ ಇಲ್ಲ.

ಈ ಗುಣವನ್ನು ವಿಜ್ಞಾನಿಗಳು 'ಕ್ಯೂ' ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಅದು ಹೆಚ್ಚಿದ್ದಷ್ಟೂ ಗಂಟೆ ಹೆಚ್ಚು ಹೊತ್ತು ಮೊಳಗುತ್ತದೆ. ಚಂದ್ರನಲ್ಲಿ ಅದು ಸಾವಿರಗಳಲ್ಲಿತ್ತು. ಆದರೆ ಅಲ್ಲಿಂದ ತಂದ ಕಲ್ಲುಗಳನ್ನು ಪ್ರಯೋಗಾಲಯದಲ್ಲಿ ಅಳೆದಾಗ ಬಹಳ ಕಡಿಮೆ ಬಂತು, ನಮ್ಮ ನೆಲದ ಕಲ್ಲುಗಳ ಹಾಗೆಯೇ.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ನ್‌ಹಾರ್ಡ್ ಟಿಟ್‌ಮನ್ ಮತ್ತು ಸಂಗಡಿಗರು ಎರಡು ಅಳತೆಗಳಲ್ಲಿ ಯಾವುದನ್ನೂ ತಳ್ಳಿಹಾಕಲಿಲ್ಲ. ಕಲ್ಲನ್ನು ನಿರ್ವಾತದಲ್ಲಿಟ್ಟು ಮತ್ತೆ ಮತ್ತೆ ಕಾಯಿಸಿದರು. ಅಂಟಿದ್ದ ತೇವ ಹೋದ ಹಾಗೆಲ್ಲ ಕ್ಯೂ ಏರಿತು. ಅಪೊಲೊ 17 ತಂದ ಒಂದು ಕಲ್ಲಿನಲ್ಲಿ 5000ದ ಹತ್ತಿರ ಮುಟ್ಟಿತು! ತೇವ ತಾಗಿದರೆ ಮತ್ತೆ ಇಳಿಯುತ್ತಿತ್ತು. ಬಿರುಕುಗಳ ಒಳಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂತ ನಮ್ಮ ಗಾಳಿಯ ನೀರೇ ಅಲೆಯ ಶಕ್ತಿಯನ್ನು ನುಂಗುತ್ತಿತ್ತು. ಗಂಟೆ ಸರಿಯಾಗಿಯೇ ಇತ್ತು. ಯಾರೋ ಕೈಯಲ್ಲಿ ಹಿಡಿದಿದ್ದರು, ಅಷ್ಟೆ.

ಈಗ ನನ್ನ ಒಂದು ತಪ್ಪೊಪ್ಪಿಗೆ. ಇದೇ ಶಾಲೆಯಲ್ಲಿ ನೀರು ಕುದಿಸಿ ಉಷ್ಣತೆ ಅಳೆದಾಗ ನನಗೆ 97 ಡಿಗ್ರಿ ಬಂತು. ಪುಸ್ತಕದಲ್ಲಿ 100 ಇತ್ತಲ್ಲ! ಗುಟ್ಟಾಗಿ ಅಳಿಸಿ 100 ಎಂದು ಬರೆದೆ, ಪೂರ್ತಿ ಅಂಕ ಬಂತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ ಎಂದು ತಿಳಿದದ್ದು ಬಿ.ಇ. ಓದುವಾಗ. ನಾನು ಅಳಿಸಿದ್ದೇ ಸರಿಯುತ್ತರ. ಪುಸ್ತಕವೂ ತಪ್ಪಿರಲಿಲ್ಲ, ಅದು ಸಮುದ್ರಮಟ್ಟದ ಮಾತು ಹೇಳಿತ್ತು.

ಮಕ್ಕಳೇ, ನಿಮ್ಮ ಅಳತೆ ಪುಸ್ತಕಕ್ಕೆ ಹೊಂದದಿದ್ದರೆ ಇನ್ನೊಮ್ಮೆ ಅಳೆಯಿರಿ, ಏಕೆ ಹೀಗೆ ಎಂದು ಕೇಳಿ. ಅಳಿಸಬೇಡಿ. ಮೇಷ್ಟ್ರೇ, ಹಾಗೆ ಕೇಳುವ ಮಗುವಿಗೆ ದಯವಿಟ್ಟು ಅಂಕ ಕಳೆಯಬೇಡಿ.